ಸೂಡಿಯ ಅಕ್ಕಾದೇವಿ: ಗಜೇಂದ್ರಗಡ ಸೀಮೆಯನ್ನು ಅರ್ಧ ಶತಮಾನ ನೋಡಿಕೊಂಡ ರಾಜಕುಮಾರಿ

ಉಳ್ಳಾಲದ ರಾಣಿ ಅಬ್ಬಕ್ಕನ ಹೆಸರು ಕೇಳದವರು ನಮ್ಮ ಕರಾವಳಿಯಲ್ಲಿ ಇರಲಿಕ್ಕಿಲ್ಲ. ಕಿತ್ತೂರು ಚೆನ್ನಮ್ಮ, ಕೆಳದಿ ಚೆನ್ನಮ್ಮರ ಕಥೆಯನ್ನು ಶಾಲೆಯಲ್ಲಿ ಓದಿದ್ದೇವೆ. ಅಬ್ಬಕ್ಕನಿಗಿಂತ ಸುಮಾರು ಐನೂರು ವರ್ಷ ಮುಂಚೆ, ಘಟ್ಟದ ಆಚೆಯ ಬಯಲುಸೀಮೆಯಲ್ಲಿ, ಈಗಿನ ಗದಗ ಜಿಲ್ಲೆಯ ಗಜೇಂದ್ರಗಡ ತಾಲೂಕಿನ ಸೂಡಿ ಎಂಬ ಊರನ್ನು ಕೇಂದ್ರವಾಗಿಟ್ಟುಕೊಂಡು ಐವತ್ತು ವರ್ಷಕ್ಕೂ ಹೆಚ್ಚು ಕಾಲ ಆಡಳಿತ ನಡೆಸಿದ ಅಕ್ಕಾದೇವಿಯ ಪರಿಚಯ ಮಾತ್ರ ನಮ್ಮಲ್ಲಿ ಬಹಳ ಜನರಿಗಿಲ್ಲ. ಹೆಸರು ಹೇಳಿದ ಕೂಡಲೇ ವಚನಕಾರ್ತಿ ಅಕ್ಕಮಹಾದೇವಿ ಎಂದುಕೊಳ್ಳುವವರೂ ಉಂಟು. ಅಕ್ಕಮಹಾದೇವಿ ಹನ್ನೆರಡನೇ ಶತಮಾನದ ಶರಣೆ. ಅಕ್ಕಾದೇವಿ ಅವಳಿಗಿಂತ ನೂರು ವರ್ಷ ಹಿಂದಿನವಳು, ಕಲ್ಯಾಣದ ಚಾಲುಕ್ಯ ರಾಜಮನೆತನದ ಮಗಳು.

ಮೊದಲು ಆ ಊರು, ಆ ಸೀಮೆಯ ಬಗ್ಗೆ ಎರಡು ಮಾತು. ಗದಗಿನಿಂದ ಉತ್ತರಕ್ಕೆ ರೋಣದ ದಾರಿ ಹಿಡಿದು ಹೋದರೆ ಕಣ್ಣು ಹಾಯಿಸಿದಷ್ಟು ದೂರ ಎರೆಮಣ್ಣಿನ ಹೊಲಗಳು. ಜೋಳ, ಕಡಲೆ, ಹತ್ತಿ, ಸೂರ್ಯಕಾಂತಿ ಬೆಳೆಯುವ ನೆಲ. ನಮ್ಮಲ್ಲಿ ಆಟಿ ತಿಂಗಳಲ್ಲಿ ಸುರಿಯುವ ಮಳೆಯನ್ನು ಅಲ್ಲಿಯವರು ಇಡೀ ವರ್ಷದಲ್ಲೂ ಕಾಣುವುದಿಲ್ಲ. ಮುಂದೆ ಹೋದಂತೆ ಬಯಲು ಮುಗಿದು ಕೆಂಪು ಮರಳುಗಲ್ಲಿನ ಬೆಟ್ಟಗಳು ಎದ್ದು ನಿಲ್ಲುತ್ತವೆ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಲ್ಲಿ ಕಾಣುವ ಅದೇ ಕೆಂಪು ಕಲ್ಲು. ಗಜೇಂದ್ರಗಡ ಪಟ್ಟಣ ಇಂಥ ಬೆಟ್ಟದ ಬುಡದಲ್ಲಿದೆ. ದೂರದಿಂದ ನೋಡಿದರೆ ಬೆಟ್ಟ ಆನೆಯ ಹಾಗೆ ಕಾಣುತ್ತದೆ, ಆದ್ದರಿಂದ ಈ ಹೆಸರು ಎಂದು ಊರವರು ಹೇಳುತ್ತಾರೆ. ಗುಡ್ಡದ ಮೇಲೆ ಕಾಲಕಾಲೇಶ್ವರ ದೇವಸ್ಥಾನ. ಅಲ್ಲಿ ಬೇಸಿಗೆಯಲ್ಲೂ ಬತ್ತದ ಅಂತರಗಂಗೆಯ ನೀರು. ಈಗ ಅದೇ ಗುಡ್ಡಗಳ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿವೆ. ಕೆಳಗೆ ಊರಿನಲ್ಲಿ ಕೈಮಗ್ಗದ ನೇಕಾರರು ಪಟ್ಟೆದ ಅಂಚಿನ ಸೀರೆ ನೇಯುತ್ತಾರೆ.

ಇತಿಹಾಸದ ಪುಸ್ತಕಗಳಲ್ಲಿ ಗಜೇಂದ್ರಗಡದ ಹೆಸರು ಬರುವುದು ಒಂದು ಒಪ್ಪಂದದಿಂದಾಗಿ. ಘೋರ್ಪಡೆ ಮನೆತನದ ಈ ಕೋಟೆಯನ್ನು 1786ರ ಜೂನ್ ತಿಂಗಳಲ್ಲಿ ಮರಾಠರ ಸೈನ್ಯ ವಶಪಡಿಸಿಕೊಂಡಿತು. ಮರುವರ್ಷ, 1787ರಲ್ಲಿ, ಟಿಪ್ಪು ಸುಲ್ತಾನ್ ಮತ್ತು ಮರಾಠರ ನಡುವೆ ಆದ ಶಾಂತಿ ಒಪ್ಪಂದಕ್ಕೆ ಗಜೇಂದ್ರಗಡದ ಒಪ್ಪಂದವೆಂದೇ ಹೆಸರು. ಬಾದಾಮಿ, ನರಗುಂದ, ಕಿತ್ತೂರುಗಳು ಆಗ ಮರಾಠರ ಪಾಲಾದವು. ಬಹಳ ಕಾಲ ಧಾರವಾಡ ಜಿಲ್ಲೆಯಲ್ಲಿದ್ದ ಈ ಪ್ರದೇಶ 1997ರಲ್ಲಿ ಹೊಸ ಗದಗ ಜಿಲ್ಲೆಗೆ ಸೇರಿತು. 2018ರಲ್ಲಿ ರೋಣದಿಂದ ಬೇರ್ಪಟ್ಟು ಗಜೇಂದ್ರಗಡ ತಾನೇ ತಾಲೂಕು ಕೇಂದ್ರವಾಯಿತು.

ಆದರೆ ಗಜೇಂದ್ರಗಡದ ಕೋಟೆ ಏಳುವುದಕ್ಕೆ ನೂರಾರು ವರ್ಷ ಮೊದಲೇ ಈ ಸೀಮೆಗೆ ಒಂದು ಹೆಸರಿತ್ತು, ಒಂದು ರಾಜಧಾನಿಯೂ ಇತ್ತು. ಹೆಸರು ಕಿಸುಕಾಡು ಎಪ್ಪತ್ತು. ರಾಜಧಾನಿ ಸೂಂಡಿ, ಅಂದರೆ ಗಜೇಂದ್ರಗಡದಿಂದ ಹನ್ನೆರಡು ಕಿಲೋಮೀಟರ್ ದೂರದಲ್ಲಿರುವ ಇಂದಿನ ಸೂಡಿ. ಕಿಸು ಎಂದರೆ ಹಳಗನ್ನಡದಲ್ಲಿ ಕೆಂಪು. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲು, ಕೆಂಪು ಪಟ್ಟಣ. ಅದೇ ಕೆಂಪು ಕಲ್ಲಿನ ನಾಡು ಕಿಸುಕಾಡು. ಎಪ್ಪತ್ತು ಎಂಬುದು ಆ ನಾಡಿಗೆ ಸೇರಿದ ಹಳ್ಳಿಗಳ ಲೆಕ್ಕ. ಆ ಕಾಲದಲ್ಲಿ ನಾಡುಗಳನ್ನು ಹೀಗೆ ಸಂಖ್ಯೆಯೊಂದಿಗೇ ಕರೆಯುವುದು ವಾಡಿಕೆ: ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು. ಬನವಾಸಿಯನ್ನು ಒಂದು ದೊಡ್ಡ ಪ್ರಾಂತ್ಯ ಎಂದುಕೊಂಡರೆ ಕಿಸುಕಾಡು ಈಗಿನ ಒಂದು ತಾಲೂಕಿನಷ್ಟು. ಚಿಕ್ಕದಾದರೂ ಚಾಲುಕ್ಯರಿಗೆ ಅದು ಮನೆಯಂಗಳದ ನೆಲ. ಬಾದಾಮಿಯ ಹಳೆಯ ಚಾಲುಕ್ಯರ ವಂಶದವರು ನಾವು ಎಂದು ಹೇಳಿಕೊಳ್ಳುತ್ತಿದ್ದ ಈ ಅರಸರು, ಅದನ್ನು ಮನೆಯವರ ಕೈಯಲ್ಲೇ ಇಟ್ಟುಕೊಂಡರು.

ರಾಷ್ಟ್ರಕೂಟರನ್ನು ಸೋಲಿಸಿ 973ರಲ್ಲಿ ಈ ಎರಡನೇ ಚಾಲುಕ್ಯ ರಾಜ್ಯ ಕಟ್ಟಿದವನು ತೈಲಪ. ಅವನ ನಂತರ ಹಿರಿಯ ಮಗ ಸತ್ಯಾಶ್ರಯ ಪಟ್ಟಕ್ಕೆ ಬಂದ. ಕಿರಿಯವನಾದ ದಶವರ್ಮನಿಗೆ ಸಿಂಹಾಸನ ಸಿಗಲಿಲ್ಲ. ಅವನ ಮಕ್ಕಳಿಗೆ ಸಿಕ್ಕಿತು. ಆ ದಶವರ್ಮನ ಮಗಳೇ ಅಕ್ಕಾದೇವಿ. ಅವಳ ಸಹೋದರರಲ್ಲಿ ಐದನೇ ವಿಕ್ರಮಾದಿತ್ಯ 1008ರಲ್ಲಿ, ಎರಡನೇ ಜಯಸಿಂಹ 1015ರಲ್ಲಿ ಅರಸರಾದರು. ಜಯಸಿಂಹನ ಮಗ ಒಂದನೇ ಸೋಮೇಶ್ವರ 1043ರ ಸುಮಾರಿಗೆ ಪಟ್ಟವೇರಿದ. ಇಬ್ಬರು ಸಹೋದರರು ಮತ್ತು ಒಬ್ಬ ಸೋದರಳಿಯ, ಹೀಗೆ ಮೂವರು ಅರಸರ ಕಾಲದಲ್ಲೂ ಅಕ್ಕಾದೇವಿಯ ಅಧಿಕಾರ ಮುಂದುವರಿಯಿತು. ಅರಸ ಬದಲಾದ ಹಾಗೆ ಅಧಿಕಾರಿಗಳು ಬದಲಾಗುವುದು ಆಗಲೂ ಇತ್ತು, ಈಗಲೂ ಇದೆ. ಇವಳನ್ನು ಮಾತ್ರ ಯಾರೂ ಬದಲಾಯಿಸಲಿಲ್ಲ.

ಅವಳು ಅಧಿಕಾರ ವಹಿಸಿಕೊಂಡ ಸಮಯ ಸುಖದ್ದಲ್ಲ. 1007ರಲ್ಲಿ ಚೋಳರ ಮಹಾಸೈನ್ಯ ಕರ್ನಾಟಕದ ಒಳಗೆ ನುಗ್ಗಿ ಈಗಿನ ವಿಜಯಪುರ ಜಿಲ್ಲೆಯ ದೋಣೂರಿನವರೆಗೂ ಬಂದಿತ್ತು. ಹಾವೇರಿ ಜಿಲ್ಲೆಯ ಹೊಟ್ಟೂರಿನಲ್ಲಿ ಅದೇ ವರ್ಷದ ಒಂದು ಶಾಸನವಿದೆ. ಆ ದಾಳಿಯಲ್ಲಿ ಊರುಗಳು ಲೂಟಿಯಾದವು, ಹೆಂಗಸರು ಮಕ್ಕಳೆನ್ನದೆ ಕೊಂದರು ಎಂಬ ನೋವು ಅದರಲ್ಲಿ ದಾಖಲಾಗಿದೆ. ಸತ್ಯಾಶ್ರಯ ಕೊನೆಗೆ ಚೋಳರನ್ನು ಹಿಮ್ಮೆಟ್ಟಿಸಿದನಾದರೂ ಸುಟ್ಟ ಊರು ಸುಟ್ಟ ಊರೇ. ಇದಾಗಿ ಮೂರೇ ವರ್ಷಕ್ಕೆ, 1010ರ ಸೂಡಿ ಶಾಸನದಲ್ಲಿ, ಕಿಸುಕಾಡಿನ ಆಡಳಿತ ಅಕ್ಕಾದೇವಿಯ ಕೈಯಲ್ಲಿದೆ. ಬೊಕ್ಕಸ ಬರಿದಾದ, ಜನ ಹೆದರಿದ ಕಾಲದಲ್ಲಿ ವಿಕ್ರಮಾದಿತ್ಯ ಸಹೋದರಿಯನ್ನು ನಂಬಿ ನಾಡನ್ನು ಒಪ್ಪಿಸಿದ ಎಂದೇ ಅರ್ಥ.

ಅವಳು ಅಲ್ಲಿ ಏನು ಮಾಡಿದಳು? ಕಥೆ, ಲಾವಣಿ, ಕಾವ್ಯ ಯಾವುದೂ ಅವಳ ಬಗ್ಗೆ ಹುಟ್ಟಲಿಲ್ಲ. ಎಲ್ಲವೂ ಕಲ್ಲಿನ ಮೇಲಿನ ದಾಖಲೆ. ಇಂಥ ಊರಿನಲ್ಲಿ, ಇಂಥ ವರ್ಷ, ಇಷ್ಟು ಭೂಮಿ, ಇಂಥ ಕೆಲಸಕ್ಕೆ ಎಂಬ ಲೆಕ್ಕ. ಒಂದು ರೀತಿಯಲ್ಲಿ ಇದೇ ಒಳ್ಳೆಯದಾಯಿತು. ಲಾವಣಿ ಬೆಳೆಯುತ್ತಾ ಹೋಗುತ್ತದೆ, ಲೆಕ್ಕದ ಕಲ್ಲು ಬೆಳೆಯುವುದಿಲ್ಲ.

ಬಾಗಲಕೋಟೆ ಜಿಲ್ಲೆಯ ಬಾದಾಮಿ ತಾಲೂಕಿನಲ್ಲಿ ಬೇಲೂರು ಎಂಬ ಊರಿದೆ. ಹಾಸನದ ಬೇಲೂರಲ್ಲ, ಇದು ಬೇರೆ. ಆಗಿನ ಹೆಸರು ಪೇರೂರು, ವಿದ್ವಾಂಸರು ಇದ್ದ ಅಗ್ರಹಾರ. 1022ರಲ್ಲಿ ಅಕ್ಕಾದೇವಿ ಅಲ್ಲಿ ತ್ರೈಪುರುಷ ದೇವಾಲಯ ಕಟ್ಟಿಸಿ, ಐನೂರು ವಿದ್ಯಾರ್ಥಿಗಳ ಊಟ ಮತ್ತು ಬಟ್ಟೆಗಾಗಿ ಭೂಮಿ ಬಿಟ್ಟಳು. ಐನೂರು ಮಂದಿ ಎಂದರೆ ಈಗಿನ ಕಾಲಕ್ಕೂ ದೊಡ್ಡ ಹಾಸ್ಟೆಲ್. ಮಳೆ ಕಡಿಮೆ ಇರುವ, ಯುದ್ಧ ಕಂಡು ಹದಿನೈದು ವರ್ಷವಷ್ಟೇ ಆಗಿದ್ದ ಸೀಮೆಯಲ್ಲಿ ಅಷ್ಟು ಮಂದಿಗೆ ದಿನವೂ ಅನ್ನ ಹಾಕುವ ವ್ಯವಸ್ಥೆ ಮಾಡಬೇಕಾದರೆ ಬರೀ ಉದಾರ ಮನಸ್ಸು ಸಾಲದು. ಹೊಲ, ಬೆಳೆ, ಕಂದಾಯದ ಲೆಕ್ಕ ಗೊತ್ತಿರಬೇಕು.

ಅದೇ ಶಾಸನದಲ್ಲಿ ಇನ್ನೊಂದು ವಿಷಯವಿದೆ. ಅಕ್ಕಾದೇವಿ ಜಿನ, ಬುದ್ಧ, ವಿಷ್ಣು, ಶಿವ ಈ ನಾಲ್ವರ ಪದ್ಧತಿಯಂತೆಯೂ ಧರ್ಮಾಚರಣೆ ನಡೆಸಿದವಳು ಎಂದು ಅದು ಹೇಳುತ್ತದೆ. ಹೊಗಳಿಕೆಗಾಗಿ ಬರೆದದ್ದು ಎಂದು ಸಂಶಯಪಡಬಹುದು. ಆದರೆ ಅವಳ ದಾನಗಳನ್ನು ನೋಡಿದರೆ ಮಾತು ಸುಳ್ಳಲ್ಲ. ಪೇರೂರಿನಲ್ಲಿ ವೈದಿಕ ವಿದ್ಯಾರ್ಥಿಗಳು, ಸೂಡಿಯಲ್ಲಿ ಅವಳ ಹೆಸರಿನ ಅಕ್ಕೇಶ್ವರ ಶಿವಾಲಯ, ವಿಕ್ರಮಪುರದಲ್ಲಿ ಜೈನ ಬಸದಿ. ಆಳುವವರು ತಮ್ಮದೊಂದೇ ಮತಕ್ಕೆ ಕೊಡುವುದು ಸುಲಭ; ಪ್ರಜೆಗಳ ಎಲ್ಲ ಮತಗಳಿಗೂ ಕೊಡುವುದಕ್ಕೆ ಬೇರೆಯೇ ಗುಣ ಬೇಕು. ಅವಳಿಗಿದ್ದ ಬಿರುದು ಗುಣದ ಬೆಡಂಗಿ. ಗುಣದಿಂದಲೇ ಚೆಲುವೆಯಾದವಳು ಎಂದು ಅರ್ಥ ಮಾಡಬಹುದು. ಕೊಟ್ಟ ಮಾತು ಬದಲಿಸದವಳು ಎಂಬ ಅರ್ಥದ ಏಕವಾಕ್ಯೆ ಎಂಬ ಬಿರುದೂ ಇತ್ತು.

ಇಷ್ಟು ಓದಿದರೆ ಶಾಂತ ಸ್ವಭಾವದ ದಾನಿ ಎಂದು ಅನಿಸಬಹುದು. ಆದರೆ ಯುದ್ಧದಲ್ಲಿ ಅವಳು ಭೈರವಿಯಂತೆ ಎಂದೂ ಶಾಸನಗಳು ಬಣ್ಣಿಸುತ್ತವೆ. 1047ರಲ್ಲಿ ಅವಳು ಘಟಪ್ರಭಾ ತೀರದ ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿ ಬೀಡುಬಿಟ್ಟಿದ್ದಳು. ಜಲಪಾತಕ್ಕೂ ಕರದಂಟಿಗೂ ಹೆಸರಾದ ಈಗಿನ ಗೋಕಾಕವೇ ಅದು. ಲೆಕ್ಕ ಹಾಕಿ ನೋಡಿ: 1010ರಲ್ಲೇ ನಾಡಿನ ಹೊಣೆ ಹೊತ್ತಿದ್ದವಳಿಗೆ ಈ ಮುತ್ತಿಗೆಯ ಹೊತ್ತಿಗೆ ವಯಸ್ಸು ಐವತ್ತು ದಾಟಿರಲೇಬೇಕು. ಅಂಥ ವಯಸ್ಸಿನಲ್ಲಿ ಸೈನ್ಯದ ಡೇರೆಯಲ್ಲಿ ಕುಳಿತೇ ಅವಳು ವಿಕ್ರಮಪುರದ ಗೊಣದ ಬೆಡಂಗಿ ಜಿನಾಲಯಕ್ಕೆ ದಾನ ಬರೆಸಿದಳು. ಬಸದಿಯ ಹೆಸರಿನಲ್ಲಿರುವುದು ಅವಳದೇ ಬಿರುದು. ಆ ವಿಕ್ರಮಪುರಕ್ಕೆ ಈಗಿನ ಹೆಸರು ಅರಸಿಬೀದಿ, ಬಾಗಲಕೋಟೆ ಜಿಲ್ಲೆಯ ಹುನಗುಂದ ಸೀಮೆಯ ಊರು. ಅರಸಿಯ ಬೀಡು ಎಂಬುದೇ ಅರಸಿಬೀದಿ ಆಯಿತು ಎನ್ನುತ್ತಾರೆ. ಅರಸಿಯ ಹೆಸರು ಮರೆತುಹೋಗಿ, ಊರಿನ ಹೆಸರಿನಲ್ಲಿ ಅರಸಿ ಮಾತ್ರ ಉಳಿದಳು.

ಅವಳ ಸಂಸಾರದ ಬಗ್ಗೆ ಕಲ್ಲುಗಳು ಹೆಚ್ಚು ಮಾತಾಡುವುದಿಲ್ಲ. ಹಾನಗಲ್ಲಿನ ಕದಂಬ ಮನೆತನಕ್ಕೆ ಅವಳನ್ನು ಕೊಟ್ಟಿತ್ತು, ಪತಿ ಮಯೂರವರ್ಮ. ಮಗ ತೋಯಿಮದೇವ ಮುಂದೆ ಬನವಾಸಿ ಮತ್ತು ಹಾನಗಲ್ಲು ನಾಡುಗಳನ್ನು ಆಳಿದ. ಬನವಾಸಿ ಹನ್ನೆರಡು ಸಾವಿರದ ಆಡಳಿತದಲ್ಲಿ ಕೆಲಕಾಲ ಅಕ್ಕಾದೇವಿಯ ಹೆಸರೂ ಸೇರಿತ್ತು. ಕೊನೆಯ ದಶಕಗಳಲ್ಲಿ ಕಿಸುಕಾಡಿನ ಜತೆಗೆ ತೊರಗರೆ ಅರವತ್ತು, ಮಾಸವಾಡಿ ನೂರ ನಲವತ್ತು ನಾಡುಗಳೂ ಅವಳ ಕೈಕೆಳಗೆ ಬಂದವು. ಆದರೂ ಮತ್ತೆ ಮತ್ತೆ ಅವಳ ಹೆಸರು ಕಾಣಿಸಿಕೊಳ್ಳುವುದು ಸೂಡಿಯಲ್ಲೇ.

ಸೂಡಿ ಆಗ ಬರೀ ಹಳ್ಳಿಯಾಗಿರಲಿಲ್ಲ. ವ್ಯಾಪಾರಿಗಳು ನೆಲೆಸಿದ್ದ ಪಟ್ಟಣ, ನಾಣ್ಯ ತಯಾರಿಸುವ ಟಂಕಸಾಲೆ ಇದ್ದ ಜಾಗ. ಆ ಕಾಲದಲ್ಲಿ ಇಂಥ ಪಟ್ಟಣದ ದಿನನಿತ್ಯದ ವ್ಯವಹಾರ ಅರಸನ ಅಧಿಕಾರಿಯಿಂದಲೇ ನಡೆಯುತ್ತಿರಲಿಲ್ಲ. ಊರಿನ ಮುಖ್ಯರು ಸೇರಿ ನಡೆಸುತ್ತಿದ್ದರು. ಸೂಡಿಯಲ್ಲಿ ಅದಕ್ಕೊಂದು ಖಚಿತ ರೂಪ ಇತ್ತು: ಎಂಟು ಮಂದಿ ಸೆಟ್ಟರು ಮತ್ತು ಎಂಬತ್ತು ಒಕ್ಕಲುಗಳು. ಇವರೆಲ್ಲ ಸೇರಿದರೆ ಊರು. ಅವರ ಹಕ್ಕುಗಳೇನು, ಕೊಡಬೇಕಾದದ್ದೇನು ಎಂಬುದಕ್ಕೆಲ್ಲ ಹಿಂದಿನಿಂದ ಬಂದ ಕಟ್ಟಳೆ ಇತ್ತು.

ಚೋಳರ ಯುದ್ಧ ಆ ಕಟ್ಟಳೆಯನ್ನೂ ಬಿಡಲಿಲ್ಲ. 1007ರ ದಾಳಿಗೇ ಅದು ಮುಗಿದಿರಲಿಲ್ಲ. ಸೋಮೇಶ್ವರನ ಕಾಲದಲ್ಲಿ ಚೋಳ ರಾಜಾಧಿರಾಜ ಮತ್ತೆ ಮತ್ತೆ ನುಗ್ಗಿ ಬಂದು, ರಾಜಧಾನಿ ಕಲ್ಯಾಣಕ್ಕೇ ಬೆಂಕಿ ಇಟ್ಟ. ಅಲ್ಲಿಂದ ಹೊತ್ತೊಯ್ದ ದ್ವಾರಪಾಲಕನ ಕಲ್ಲಿನ ವಿಗ್ರಹ, ಅದರ ಪೀಠದ ಮೇಲೆ ತಮಿಳು ಬರಹದೊಂದಿಗೆ, ಇಂದಿಗೂ ತಂಜಾವೂರಿನಲ್ಲಿ ಇದೆ. ಪಕ್ಕದ ಬೆಳ್ವೊಲ ನಾಡಿನ ಬಸದಿಗಳನ್ನು ಚೋಳ ಸುಟ್ಟ ಸಂಗತಿಯನ್ನು ಗದಗ ತಾಲೂಕಿನ ಗಾವರವಾಡದ ಶಾಸನ ಹೇಳುತ್ತದೆ. ಇಂಥ ವರ್ಷಗಳಲ್ಲಿ ಸೂಡಿಯ ಎಂಟು ಸೆಟ್ಟರು, ಎಂಬತ್ತು ಒಕ್ಕಲುಗಳ ವ್ಯವಸ್ಥೆ ಒಡೆದುಹೋಯಿತು. ಯುದ್ಧ ಊರನ್ನು ಸುಡುವುದು ಎಲ್ಲರಿಗೂ ಕಾಣುತ್ತದೆ. ಊರಿನ ಕಟ್ಟಳೆ ಸುಟ್ಟುಹೋದದ್ದು ಕೂಡಲೇ ಕಾಣುವುದಿಲ್ಲ. ಯಾರು ಯಾರ ಮಾತು ಕೇಳಬೇಕು, ಯಾರಿಗೆ ಯಾವ ಹಕ್ಕು ಎಂಬುದು ತಪ್ಪಿಹೋದರೆ ಬಲವಿದ್ದವನದ್ದೇ ಊರು.

1050-51ರ ಸೂಡಿ ಶಾಸನ ಇದರ ಮುಂದಿನ ಕಥೆ ಹೇಳುತ್ತದೆ. ಅಕ್ಕಾದೇವಿಯ ಆಡಳಿತದಲ್ಲಿ, ಮಂತ್ರಿಗಳೂ ಅಧಿಕಾರಿಗಳೂ ಸೇರಿ, ಎಂಟು ಸೆಟ್ಟರಿಗೂ ಎಂಬತ್ತು ಒಕ್ಕಲುಗಳಿಗೂ ಅವರ ಹಳೆಯ ಕಟ್ಟಳೆಯನ್ನು ಹೊಸದಾಗಿ ಬರೆದುಕೊಟ್ಟರು. ನನ್ನ ಮಟ್ಟಿಗೆ ಗೋಕಾಗೆಯ ಮುತ್ತಿಗೆಗಿಂತ, ಐನೂರು ಮಂದಿಯ ಅನ್ನಕ್ಕಿಂತಲೂ ಇದು ದೊಡ್ಡ ಕೆಲಸ. ಯೋಚಿಸಿ ನೋಡಿ. ಊರಿನ ಸಭೆ ದುರ್ಬಲವಾಗಿರುವಾಗ ಆಳುವವರಿಗೆ ಅದು ಅನುಕೂಲವೇ. ಸೆಟ್ಟರ ಅಧಿಕಾರವನ್ನು ಅರಮನೆಗೆ ಎಳೆದುಕೊಳ್ಳಬಹುದಿತ್ತು, ಯುದ್ಧದ ಖರ್ಚು ತೋರಿಸಿ ಹೊಸ ತೆರಿಗೆ ಹಾಕಬಹುದಿತ್ತು. ಬಹಳಷ್ಟು ಅರಸರು ಮಾಡಿದ್ದೂ ಅದನ್ನೇ. ಅಕ್ಕಾದೇವಿ ಊರಿನ ಅಧಿಕಾರವನ್ನು ಊರಿಗೇ ಹಿಂದೆ ಕೊಟ್ಟಳು. ಅದನ್ನು ಕಲ್ಲಿನಲ್ಲಿ ಕೆತ್ತಿಸಿದ್ದರಿಂದ ಮುಂದೆ ಬರುವ ಯಾವ ಅಧಿಕಾರಿಯೂ ಇಲ್ಲವೆನ್ನುವಂತಿರಲಿಲ್ಲ. ನಮ್ಮ ಸಂವಿಧಾನಕ್ಕೆ 73ನೇ ತಿದ್ದುಪಡಿ ತಂದು ಗ್ರಾಮ ಪಂಚಾಯತ್‌ಗಳಿಗೆ ಅಧಿಕಾರ ಖಾತ್ರಿ ಮಾಡಿದ್ದು 1993ರಲ್ಲಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು, ನಿಜ. ಆಗಿನ ಎಂಬತ್ತು ಒಕ್ಕಲುಗಳಲ್ಲಿ ಊರಿನ ಎಲ್ಲರೂ ಸೇರಿರಲಿಲ್ಲ; ಕೂಲಿಯವರ ಮಾತು ಅಲ್ಲಿ ನಡೆಯುತ್ತಿರಲಿಲ್ಲ. ಆದರೂ ಅಧಿಕಾರ ಹಂಚಿಕೊಳ್ಳುವ ಮನಸ್ಸು ಅಷ್ಟು ಹಿಂದೆಯೇ, ಅದೂ ಯುದ್ಧದ ನಡುವೆ, ಒಬ್ಬ ಹೆಂಗಸಿನಲ್ಲಿ ಇತ್ತು.

ಯುದ್ಧದ ನಡುವೆ ಎಂದದ್ದು ಸುಮ್ಮನೆ ಅಲ್ಲ. ಕಟ್ಟಳೆ ನವೀಕರಿಸಿದ ಮೂರ್ನಾಲ್ಕು ವರ್ಷದಲ್ಲೇ, 1054ರಲ್ಲಿ, ಕೊಪ್ಪಂ ಎಂಬಲ್ಲಿ ಚಾಲುಕ್ಯರಿಗೂ ಚೋಳರಿಗೂ ಘೋರ ಕಾಳಗ ನಡೆಯಿತು. ಆನೆಯ ಮೇಲೆ ಕುಳಿತೇ ರಾಜಾಧಿರಾಜ ಸತ್ತ. ಅವನ ತಮ್ಮ ರಣರಂಗದಲ್ಲೇ ಕಿರೀಟ ಧರಿಸಿ ಯುದ್ಧ ಮುಂದುವರಿಸಿದ. ದೊಡ್ಡವರ ಈ ಕಾಳಗಗಳ ವಿವರ ಎಲ್ಲ ಚರಿತ್ರೆ ಪುಸ್ತಕಗಳಲ್ಲೂ ಸಿಗುತ್ತದೆ.

ಆ ನೆಲ ಮಾತ್ರ ಬರಡಾಗಲಿಲ್ಲ. ಸಂಸ್ಕೃತದ ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹ ಇದೇ ಕಿಸುಕಾಡು ನಾಡಿನ ಸಯ್ಯಡಿ ಅಗ್ರಹಾರದವನು, ಅಂದರೆ ರೋಣ ತಾಲೂಕಿನ ಈಗಿನ ಸವಡಿ. ಅವನು ಅಕ್ಕಾದೇವಿಯ ಸಹೋದರ ಜಯಸಿಂಹನ ಬಳಿ ಸಂಧಿವಿಗ್ರಹಿಯಾಗಿದ್ದ; ಈಗಿನ ವಿದೇಶಾಂಗ ಮಂತ್ರಿಯಂಥ ಹುದ್ದೆ. ಅವನ ಗ್ರಂಥ 1031ರ ಸುಮಾರಿನದು. ಮಕ್ಕಳಿಗೆ ನಾವು ಹೇಳುವ ನರಿ, ಸಿಂಹ, ಮೊಸಳೆಯ ಕಥೆಗಳು ಕನ್ನಡದಲ್ಲಿ ಮೊದಲು ಬಂದದ್ದು ಅಕ್ಕಾದೇವಿ ನೋಡಿಕೊಳ್ಳುತ್ತಿದ್ದ ನಾಡಿನವನೊಬ್ಬನ ಕೈಯಿಂದ.

ಸೂಡಿಯಲ್ಲಿ ಕಟ್ಟಡಗಳೂ ಏಳುತ್ತಲೇ ಇದ್ದವು. ಸೋಮೇಶ್ವರನ ದಂಡನಾಯಕ ನಾಗದೇವ 1060ರಲ್ಲಿ ಕಟ್ಟಿಸಿದ ದೇವಾಲಯಕ್ಕೆ ಊರವರು ಜೋಡು ಕಳಸದ ಗುಡಿ ಎನ್ನುತ್ತಾರೆ. ಎದುರುಬದುರಾಗಿ ಎರಡು ಗರ್ಭಗುಡಿ, ಎರಡು ಶಿಖರ, ನಡುವೆ ಮಂಟಪ. ನಾಗಕುಂಡ ಎಂಬ ಮೆಟ್ಟಿಲುಬಾವಿಯನ್ನು ನೋಡುವುದಕ್ಕೆಂದೇ ಅಲ್ಲಿಗೆ ಹೋಗಬಹುದು. ನಾಲ್ಕು ಕಡೆಯಿಂದಲೂ ನೀರಿಗೆ ಇಳಿಯುವ ಕಲ್ಲಿನ ಮೆಟ್ಟಿಲು, ಗೋಡೆಯಲ್ಲಿ ಕೆತ್ತನೆ. ಮಳೆ ಕಡಿಮೆಯಿರುವ ನಾಡಿನಲ್ಲಿ ನೀರನ್ನು ಎಷ್ಟು ಗೌರವದಿಂದ ಕಾಣುತ್ತಿದ್ದರು ಎಂಬುದಕ್ಕೆ ಆ ಬಾವಿಯೇ ಸಾಕ್ಷಿ. ಒಂದು ಮಂಟಪದಲ್ಲಿ ಆಳೆತ್ತರ ಮೀರಿದ ಗಣಪತಿ, ಇನ್ನೊಂದರಲ್ಲಿ ಭಾರಿ ಗಾತ್ರದ ಲಿಂಗ.

ಅಕ್ಕಾದೇವಿಯ ಹೆಸರು ಶಾಸನಗಳಲ್ಲಿ ಕಾಣುವುದು 1064ರವರೆಗೆ. ಐವತ್ತನಾಲ್ಕು ವರ್ಷದ ಆಡಳಿತ. ನಾಲ್ಕು ವರ್ಷದ ನಂತರ ಸೋದರಳಿಯ ಸೋಮೇಶ್ವರ, ವಾಸಿಯಾಗದ ಕಾಯಿಲೆಗೆ ಬೇಸತ್ತು, ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ.

ಚಾಲುಕ್ಯರು ಹೋದ ಮೇಲೆ ಸೂಡಿಯ ವ್ಯಾಪಾರ ಕರಗಿತು. ಗಜೇಂದ್ರಗಡದ ಬೆಟ್ಟದ ಮೇಲೆ ಕೋಟೆ ಬಂದ ನಂತರ ಸೀಮೆಯ ಕೇಂದ್ರವೂ ಅತ್ತ ಸರಿಯಿತು. ಶಾಸನದ ಕಲ್ಲುಗಳು ಗುಡಿಗಳ ಬಳಿ ಹಾಗೇ ನಿಂತವು, ಓದಬಲ್ಲವರು ಇಲ್ಲವಾದರು. ಮುಂಬಯಿ ಪ್ರಾಂತ್ಯದ ಅಧಿಕಾರಿಯಾಗಿದ್ದ ಜೆ.ಎಫ್. ಫ್ಲೀಟ್ ಹತ್ತೊಂಬತ್ತನೇ ಶತಮಾನದಲ್ಲಿ ಈ ಭಾಗದ ಶಾಸನಗಳನ್ನು ಓದಿ ಅಕ್ಕಾದೇವಿಯನ್ನು ಚರಿತ್ರೆಗೆ ಮರಳಿ ತಂದ. ಸೂಡಿಯ ಶಾಸನಗಳ ಪೂರ್ಣ ಪಾಠವನ್ನು ಲಂಡನ್ನಿನ ವಿದ್ವಾಂಸ ಎಲ್.ಡಿ. ಬಾರ್ನೆಟ್ ಎಪಿಗ್ರಾಫಿಯಾ ಇಂಡಿಕಾದ ಹದಿನೈದನೇ ಸಂಪುಟದಲ್ಲಿ ಪ್ರಕಟಿಸಿದರು. ಎಂಟು ಸೆಟ್ಟರು, ಎಂಬತ್ತು ಒಕ್ಕಲುಗಳ ವಿಷಯ ಹೊರಗಿನವರಿಗೆ ಗೊತ್ತಾದದ್ದು ಹೀಗೆ.

ಬಾದಾಮಿ, ಪಟ್ಟದಕಲ್ಲು ನೋಡಲು ನಮ್ಮ ಕಡೆಯಿಂದ ಶಾಲಾ ಮಕ್ಕಳ ಪ್ರವಾಸದ ಬಸ್ಸುಗಳು ಪ್ರತಿ ಡಿಸೆಂಬರಿನಲ್ಲಿ ಹೋಗುತ್ತವೆ. ಬಾದಾಮಿಯಿಂದ ಸೂಡಿ ಸುಮಾರು ಮೂವತ್ತು ಕಿಲೋಮೀಟರ್. ಇಟಗಿ ಭೀಮಾಂಬಿಕೆಯ ಕ್ಷೇತ್ರ ಅಲ್ಲಿಂದ ಮೂರೇ ಕಿಲೋಮೀಟರ್. ಆ ದಾರಿ ಕೇಳಿದರೆ ಯಾರಾದರೂ ತೋರಿಸುತ್ತಾರೆ.